ನಿಂತ ಚುಕ್ಕೆಯನ್ನು ಓಡಿಸುವವರು

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್. ಪರದೆಯಲ್ಲಿ ಅಲೆಯಂಥ ನೀಲಿ ಗೆರೆ, ಅದರ ಮೇಲೊಂದು ಕೆಂಪು ಚುಕ್ಕೆ. ಚುಕ್ಕೆ ಓಡಬೇಕು. ಓಡುತ್ತಿಲ್ಲ.

"ನಿನ್ನ ಹುಳ ಇವತ್ತೂ ಮಲಗಿಬಿಡ್ತಲ್ಲೇ," ಎನ್ನುತ್ತಾರೆ ಪಕ್ಕದಲ್ಲಿ ಕೂತ ಅತ್ತೆ, ಕನ್ನಡಕ ಸರಿಮಾಡಿಕೊಳ್ಳುತ್ತಾ.

"ಅದಾಗೇ ಮಲಗಿಲ್ಲ ಅತ್ತೆ. ಮಲಗಿಸಿದ್ದು ನಾನೇ."

ಸೊಸೆ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಅಟೆಂಡರ್. ವಿದ್ಯಾರ್ಥಿಗಳ ಬಾಯಲ್ಲಿ ಲ್ಯಾಬ್ ಅಕ್ಕ. ಗ್ರಾಫ್‌ಗಳಿಗೆ ಚಲನೆ ಕೊಡುವ ಉಚಿತ ತಂತ್ರಾಂಶವೊಂದರ ಕೈಪಿಡಿ ಅಂತರ್ಜಾಲದಲ್ಲಿದೆ. ಅದರ ಮಾದರಿ ಕೋಡ್‌ಗಳನ್ನು ತಿದ್ದುವುದು ಆರು ವರ್ಷಗಳಿಂದ ಇವರ ಬೆಳಗಿನ ಕೆಲಸ. ಸಂಬಳವಿಲ್ಲ. ದಿನಕ್ಕೆ ನಾಲ್ಕು ಮಾದರಿ, ರಜೆಯ ದಿನ ಒಂಬತ್ತು. ಓದು ಹತ್ತನೇ ತರಗತಿಗೇ ನಿಂತಿತ್ತು. ಉಳಿದದ್ದನ್ನು ಕಲಿತದ್ದು ಮೇಷ್ಟ್ರು ಪಾಠ ಮಾಡುವಾಗ ಹಿಂದೆ ನಿಂತು ಲೆನ್ಸ್ ಒರೆಸುತ್ತಾ.

ಈಗ ಇವರು ಯಾವ ಮಾದರಿಯನ್ನೂ ನಕಲಿಸಿ ಅಂಟಿಸುವುದಿಲ್ಲ. ಖಾಲಿ ಫೈಲ್ ತೆರೆದು ಒಂದೊಂದೇ ಅಕ್ಷರ ಟೈಪ್ ಮಾಡುತ್ತಾರೆ. "ಕಲಿಯೋವ್ರು ಎಡವೋ ಕಲ್ಲು ಮೊದಲು ನನ್ನ ಕಾಲಿಗೆ ತಗಲಬೇಕು."

ಇದನ್ನು ಕಲಿಸಿದ್ದು ಇವರದೇ ಒಂದು ತಪ್ಪು. ಎರಡು ವರ್ಷದ ಹಿಂದೆ, ಕೈಪಿಡಿಯ ಮೊದಲ ಪಾಠದ ಮಾದರಿಯಲ್ಲಿ ಚುಕ್ಕೆಯ ಚಲನೆಯನ್ನು ಒಂದು ಹೆಸರಿನಡಿ ಹಿಡಿದಿಡಲಾಗಿತ್ತು. ಆ ಹೆಸರು ಮುಂದೆಲ್ಲೂ ಬಳಕೆಯಾಗಿರಲಿಲ್ಲ. ದಂಡಪಿಂಡ ಎಂದು ಇವರು ಅಳಿಸಿದರು. ಕಾಲೇಜಿನ ಕಂಪ್ಯೂಟರಿನಲ್ಲಿ ಕೋಡನ್ನು ಬರೆದಲ್ಲೇ ಓಡಿಸುವ ನೋಟ್‌ಬುಕ್ ಎಂಬ ಪುಟ ಕೊನೆಯ ಫಲಿತಾಂಶವನ್ನು ತಾನೇ ಹಿಡಿದುಕೊಳ್ಳುತ್ತದೆ, ಹಾಗಾಗಿ ಅಲ್ಲಿ ಚುಕ್ಕೆ ಓಡಿತು. ಸಾದಾ ಫೈಲ್‌ನಲ್ಲಿ ಹಿಡಿದವರಿಲ್ಲದ ಚಲನೆಯನ್ನು ಕಂಪ್ಯೂಟರ್ ಕಸವೆಂದು ಗುಡಿಸಿಹಾಕುತ್ತದೆ, ಚುಕ್ಕೆ ನಿಂತುಬಿಡುತ್ತದೆ.

ಇದು ಗೊತ್ತಾದದ್ದು ಕಳೆದ ತಿಂಗಳು, ಕೈಪಿಡಿ ನೋಡಿ ಕಲಿಯುತ್ತಿದ್ದ ಒಬ್ಬ ನರ್ಸ್ ಬರೆದಾಗ: "ನಾಡಿಯ ಏರಿಳಿತ ರೋಗಿಗಳಿಗೆ ತೋರಿಸೋಣ ಅಂತ ಕಲಿಯೋಕೆ ಕೂತೆ. ಮೊದಲ ಪಾಠನೇ ಹನ್ನೊಂದು ಸಲ ಟೈಪ್ ಮಾಡಿದೆ, ಚುಕ್ಕೆ ಓಡ್ಲಿಲ್ಲ. ನನ್ನ ತಲೆಗೆ ಹತ್ತೋದಲ್ಲ ಅಂತ ಬಿಟ್ಟೆ."

ಲ್ಯಾಬ್ ಅಕ್ಕ ಆ ಹೆಸರನ್ನು ಮತ್ತೆ ಸೇರಿಸಿ ಕಳಿಸಿದರು. ಕೈಪಿಡಿಯ ತಿದ್ದುಪಡಿಗಳನ್ನು ನೋಡಿ ಒಪ್ಪುವ ಪರಿಶೀಲಕರು ತಳ್ಳಿಹಾಕಿದರು: "ಇದು ಎಲ್ಲೂ ಬಳಕೆಯಾಗಿಲ್ಲ, ತೆಗೆಯಿರಿ." ಕೈಪಿಡಿಯ ಹೊಸ ಆವೃತ್ತಿಗೆ ತಿದ್ದುಪಡಿ ಸೇರಿಸುವ ಗಡುವು ಇಂದು ಬೆಳಿಗ್ಗೆ ಎಂಟಕ್ಕೆ ಮುಗಿಯುತ್ತದೆ. ತಪ್ಪಿದರೆ ತಪ್ಪು ಇನ್ನೊಂದು ವರ್ಷ ಹಾಗೇ.

"ಚೆನ್ನಾಗಿ ಬೈದು ಬರಿ," ಎನ್ನುತ್ತಾರೆ ಅತ್ತೆ.

"ಬೈದ್ರೆ ಚುಕ್ಕೆ ಓಡುತ್ತಾ ಅತ್ತೆ?"

ಅವರು ಬರೆಯುವುದು ಇಷ್ಟೇ: "ನಾನೂ ಹೀಗೇ ಅಂದುಕೊಂಡು ಅಳಿಸಿದ್ದೆ. ಆ ಹೆಸರಿಲ್ಲದೆ ಸಾದಾ ಫೈಲ್‌ನಲ್ಲಿ ಒಮ್ಮೆ ಓಡಿಸಿ ನೋಡಿ." ಪರಿಶೀಲಕರ ತಪ್ಪನ್ನು ಎತ್ತಿ ಆಡುವುದಿಲ್ಲ, ತಮ್ಮದನ್ನೇ ಮುಂದಿಡುತ್ತಾರೆ.

ಅತ್ತೆ ಡಬ್ಬಿಗೆ ಊಟ ತುಂಬುತ್ತಾರೆ. ಏಳು ನಲವತ್ತಕ್ಕೆ ಉತ್ತರ ಬರುತ್ತದೆ: "ಚುಕ್ಕೆ ನಿಂತೇಹೋಯಿತು. ಕ್ಷಮಿಸಿ. ನಿಮ್ಮದನ್ನು ಸೇರಿಸಿದ್ದೇನೆ."

ಬಸ್ಸಿಗೆ ಹೊತ್ತಾಗಿದೆ. ಆದರೂ ನಿಂತುಕೊಂಡೇ ನರ್ಸಿಗೆ ಎರಡು ಸಾಲು ಟೈಪ್ ಮಾಡುತ್ತಾರೆ: "ತಪ್ಪು ನಿಮ್ಮ ತಲೆಯದಲ್ಲ, ನನ್ನದು. ಈಗ ಸರಿಹೋಗಿದೆ."

ಇನ್ನೇನು ಆಸೆ ಎಂದು ಕೇಳಿದರೆ ಚಪ್ಪಲಿ ಮೆಟ್ಟುತ್ತಾ ಹೇಳುತ್ತಾರೆ: "ಅವರು ಹನ್ನೆರಡನೇ ಸಲ ಟೈಪ್ ಮಾಡ್ಬೇಕು. ಅಷ್ಟೇ."