ಮಾವನವರು ಹಂಚಿದ ಬೇಳೆ

ನಮ್ಮ ಮಾವನವರ ಹುಬ್ಬಿನ ಮೇಲೆ ಸದಾ ತೌಡಿನ ಪುಡಿ ಕೂತಿರುತ್ತಿತ್ತು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದ ಅವರು ಎಷ್ಟು ಸಲ ಮುಖ ತೊಳೆದರೂ ಅದು ಪೂರಾ ಹೋಗುತ್ತಿರಲಿಲ್ಲ. ನಾನು ಇರಕಲ್ಲಗಡದ, ರೊಟ್ಟಿ ಉಣ್ಣುವ ಮನೆಯ ಹುಡುಗಿ. ಸೊಸೆಯಾಗಿ ಬಂದ ಹೊಸದರಲ್ಲಿ ಅವರು ಅನ್ನ ಉಣ್ಣುವುದನ್ನು ಬಾಗಿಲ ಮರೆಯಿಂದ ಬೆರಗಾಗಿ ನೋಡುತ್ತಿದ್ದೆ. ತಾಟಿನಲ್ಲಿ ಅನ್ನ ಗುಡ್ಡವಾಗಿರಬೇಕು, ಬೇಳೆ ಅದರ ನೆತ್ತಿಗೆ ತಾಗಿದರೆ ಸಾಕು. ಬಂದ ಬೀಗರು ಸಾಕೆಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ಅನ್ನ ಸುರಿಯುವ ಮನುಷ್ಯ. "ಅನ್ನಕ್ಕ ನಾಚ್ಕೋಬಾರ್ದರಿ" ಎಂದು ನಗುತ್ತಿದ್ದರು.

ಅಂಥವರಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಅನ್ನ ಕಡಿಮೆ ಮಾಡಿ ಎಂದದ್ದೇ ತಡ, ಅನ್ನವನ್ನು ಪೂರಾ ಬಿಟ್ಟು ಜೋಳದ ರೊಟ್ಟಿಗೆ ಬಿದ್ದರು. ರೊಟ್ಟಿ ತಿಂದರೆ ಸಕ್ಕರೆ ಏರುವುದಿಲ್ಲ ಎಂಬುದು ನಮ್ಮ ಸೀಮೆಯವರ ಗಟ್ಟಿ ನಂಬಿಕೆ. ನಾನು ರೊಟ್ಟಿ ಬಡಿಯುತ್ತಲೇ ಇದ್ದೆ, ಅವರು ತಿನ್ನುತ್ತಲೇ ಇದ್ದರು. ಮುಂದಿನ ಸಲ ರಕ್ತ ಪರೀಕ್ಷೆ ನೋಡಿದ ಡಾಕ್ಟರು ಹಣೆ ಹಣೆ ಬಡಿದುಕೊಂಡರು.

"ಅನ್ನ ಆಗ್ಲಿ, ರೊಟ್ಟಿ ಆಗ್ಲಿ, ಹೊಟ್ಯಾಗ ಹೋಗಿ ಸಕ್ರಿನ ಆಗ್ತಾವ್ರಿ ಯಜಮಾನ್ರ. ಒಂದು ರೊಟ್ಟಿ, ಇಲ್ಲಾ ಒಂದು ಮುಷ್ಟಿ ಅನ್ನ. ಉಳಿದದ್ದು ಬ್ಯಾಳಿ, ಮೊಳಕಿ ಕಾಳು, ತತ್ತಿ, ಪಲ್ಲೆ. ಎಣ್ಣಿ, ರೊಟ್ಟಿಗೆ ಹಚ್ಕೊಳ್ಳೋ ಶೇಂಗಾ ಹಿಂಡಿ ಹಿಡಿತದಾಗ ಇರ್ಲಿ."

ಮಾವನವರು ಒಪ್ಪಿಕೊಂಡರೆ ಮುಗಿಯಿತು. ಅಂದಿನಿಂದ ಅವರ ತಾಟಿನಲ್ಲಿ ಅನ್ನದ ಗುಡ್ಡ ಕರಗಿ ಬೇಳೆ, ಕಾಳು ತುಂಬಿಕೊಂಡವು.

ಆಗ ನಾನು ಬಸುರಿ. ನಮ್ಮ ಮನೆಯಲ್ಲಿ ಗಂಡಸರದು ಮೊದಲ ಊಟ, ಆಮೇಲೆ ಅತ್ತೆಯದು, ಕೊನೆಗೆ ನನ್ನದು. ಅಕ್ಕಿ ಗಿರಣಿಯವರ ಮನೆ, ಅನ್ನ ಎಂದೂ ತೀರುತ್ತಿರಲಿಲ್ಲ. ದುಡ್ಡು ಕೊಟ್ಟು ತರುವ ಬೇಳೆಯನ್ನು ಮಾತ್ರ ಅಳೆದೇ ಬೇಯಿಸುತ್ತಿದ್ದೆವು, ಅದು ಉಳಿಯುತ್ತಿರಲಿಲ್ಲ. ಮಾವನವರ ತಾಟಿಗೆ ಅದು ಹೆಚ್ಚಾದ ಹಾಗೆ ನನಗೆ ಪಾತ್ರೆ ತಳದ ನೀರೇ ಗತಿಯಾಯಿತು. ಅವರ ಸಕ್ಕರೆ ಇಳಿಯಿತು, ನನ್ನ ಮುಖ ಬಿಳುಚಿತು. ತಪಾಸಣೆಗೆ ಹೋದಾಗ ಹೊಟ್ಟೆಯೊಳಗಿನ ಕೂಸಿನ ತೂಕ ಏರುತ್ತಿಲ್ಲ ಎಂದರು. ಹೆದರಿ ಅತ್ತೆಗೆ ಹೇಳಿದರೆ, "ಗಡಿಗಿ ತುಂಬ ಅನ್ನ ಐತಿ, ಹೊಟ್ಟಿ ತುಂಬ ಉಣ್ಣು" ಎಂದರು. ಅವರೂ ಹಾಗೆಯೇ ಉಂಡು ಹೆತ್ತವರು. ಸಿಟ್ಟು ನುಂಗಿ ಅನ್ನವನ್ನೇ ಬಡಿಸಿಕೊಂಡೆ.

ಒಂದು ಮಧ್ಯಾಹ್ನ ಮಾವನವರು ಊಟ ಮುಗಿಸಿ ಹೋದವರು, ಮರೆತ ಕನ್ನಡಕಕ್ಕಾಗಿ ಹಿಂದಿರುಗಿ ಅಡುಗೆಮನೆಗೆ ಬಂದರು. ನಾನು ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಉಣ್ಣುತ್ತಿದ್ದೆ.

"ಬ್ಯಾಳಿ ಎಲ್ಲೈತವ್ವ?"

"ಮುಗದೈತ್ರಿ ಮಾವಾರ."

ಪಾತ್ರೆ ಬಗ್ಗಿಸಿ ನೋಡಿದರು. ನನ್ನ ಹೊಟ್ಟೆ ನೋಡಿದರು. "ನಿನ್ನ ಪಾಲಿಂದು ನಾ ಉಂಡೀನಿ. ಕೂಸಿಂದೂ ಉಂಡೀನಿ" ಎಂದು ಅಲ್ಲೇ ಗೋಡೆಗಾತು ಕುಸಿದು ಕೂತರು. ಅಷ್ಟು ಗಟ್ಟಿ ಮನುಷ್ಯ ನನ್ನೆದುರು ಕಣ್ಣೊರೆಸಿಕೊಂಡರು.

ಸಂಜೆಯ ಊಟಕ್ಕೆ ಎಲ್ಲರ ತಾಟುಗಳನ್ನೂ ಒಟ್ಟಿಗೆ ಇಡಿಸಿ, ಬೇಳೆಯನ್ನು ತಾವೇ ಬಡಿಸಿದರು. ಮೊದಲ ಸೌಟು ನನಗೆ. ಮುಂದೆ ಅದೇ ರೂಢಿಯಾಯಿತು. ಗಂಡಸು ಸೌಟು ಹಿಡಿಯುವುದೆಂದರೆ ಅತ್ತೆಗೆ ದೊಡ್ಡ ಅವಮಾನ. "ಓಣ್ಯಾಗ ಮಂದಿ ನಗ್ತಾರ" ಎಂದರೆ, "ನಗ್ಲಿ ಬಿಡು, ಅವರೂ ಬಂದು ಉಣ್ಲಿ" ಎನ್ನುತ್ತಿದ್ದರು. ಅತ್ತೆ ಮಾತ್ರ ಹಟ ಬಿಡದೆ, ಎಲ್ಲರದೂ ಆದ ಮೇಲೆ ಒಬ್ಬರೇ ಕೂತು ಉಣ್ಣುತ್ತಿದ್ದರು. ಮಗಳು ಮೈ ತುಂಬಿಕೊಂಡೇ ಹುಟ್ಟಿದಳು. ಆಗಲೂ ಅತ್ತೆ ಬದಲಾಗಲಿಲ್ಲ.

ಹೋದ ವರ್ಷ ಎದೆನೋವೆಂದ ಮಾವನವರು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ನಾವು ಖಾಲಾ ಎಂದು ಕರೆಯುವ ಪಕ್ಕದ ಮನೆಯ ಮುಸ್ಲಿಂ ಹೆಂಗಸು ಅನ್ನ, ಬೇಳೆ ಮಾಡಿ ಕಳಿಸಿದ್ದರು. ಮಣ್ಣು ಮಾಡಿ ಬಂದ ಗಂಡಸರು ಸಾಲಾಗಿ ಕೂತರು. ನೆಂಟರೆಲ್ಲ ಇದ್ದಾರಲ್ಲ ಎಂದು ನಾನು ಹಿಂದೆ ಸರಿದು ನಿಂತೆ. ಅತ್ತು ಅತ್ತು ಸೋತಿದ್ದ ಅತ್ತೆ ಎದ್ದು ಬಂದು, ನನ್ನ ಕೈ ಹಿಡಿದು ಕೂರಿಸಿ, ಮೊದಲು ನನ್ನ ತಾಟಿಗೆ ಬೇಳೆ ಹಾಕಿದರು.

"ಇವತ್ತ ನೀ ಹಿಂದ ನಿಂತ್ರ ಅವರ ಜೀವ ಒಪ್ಪಂಗಿಲ್ಲವ್ವ" ಎಂದು, ಎಲ್ಲರೆದುರು ತಮ್ಮ ತಾಟನ್ನೂ ನನ್ನ ಪಕ್ಕದಲ್ಲಿಟ್ಟುಕೊಂಡು ಕೂತರು.