ತುಕ್ಕಾನಟ್ಟಿಯ ಪಾಲಿನ ಎಮ್ಮೆ

ಹೆಪ್ಪು ಹಾಕಿದ ಹಾಲಿನ ಗಡಿಗೆಗೆ ಬೆರಳಿಟ್ಟು ನೋಡುವುದು ನಿಮ್ಮ ಮೂವರಿಗೂ ಅಂಟಿದ ಚಟ. ಸಂಜೆ ಹೆಪ್ಪು ಹಾಕಿ ನಾನು ಇತ್ತ ತಿರುಗುವುದೇ ತಡ, ದೊಡ್ಡವನದು ಒಂದು ಬೆರಳು, ನಡುವಿನವಳದು ಒಂದು ಬೆರಳು. ಸಣ್ಣವನಿಗೆ ಬೆರಳಿನ ಮೇಲೆ ನಂಬಿಕೆಯಿಲ್ಲ, ಅವನು ಗಡಿಗೆಯನ್ನೇ ಅಲುಗಾಡಿಸಿ ಪರೀಕ್ಷಿಸುತ್ತಾನೆ. ಬೆಳಗಾದರೆ ಅದರಲ್ಲಿ ಹಾಲೂ ಅಲ್ಲದ, ಮೊಸರೂ ಅಲ್ಲದ ಒಂದು ಪದಾರ್ಥ. "ಆಯಿ, ಇವತ್ತ ಮೊಸರ ಯಾಕ ಹಿಂಗಾಗೈತಿ?" ಎಂದು ತನಿಖೆಗೆ ನಿಲ್ಲುವವರೂ ನೀವೇ.

ನಿಮ್ಮನ್ನು ಬೈಯುವ ಹಾಗೂ ಇಲ್ಲ. ದುಡ್ಡಿಗೆ ಹೆಪ್ಪು ಹಾಕಿದ ದೊಡ್ಡವರು ಮಾಡುವುದೂ ಇದನ್ನೇ. ಹೋದ ವಾರ ನಿಮ್ಮಪ್ಪನನ್ನು ಕಾಣಲು ವಿಮೆಯವರೊಬ್ಬರು ಬಂದಿದ್ದರಲ್ಲ, ಮಾತಿನ ನಡುವೆ ಉಸಿರಾಡುವುದನ್ನೂ ಮರೆಯುವವರು, ಅವರು ನನ್ನ ಕಡೆ ತಿರುಗಿ, "ಅಜ್ಜಿಯವರು ಮುಪ್ಪಿನ ಕಾಲಕ್ಕೆ ಏನು ವ್ಯವಸ್ಥೆ ಮಾಡಿಕೊಂಡಿದ್ದಿರಿ?" ಎಂದು ಕೇಳಿದರು. ನಾನು ಸೆರಗನ್ನು ಬಾಯಿಗೆ ಹಿಡಿದು ಅಡುಗೆಮನೆಗೆ ನಡೆದುಬಿಟ್ಟೆ. ನನ್ನ ಉತ್ತರಗಳು ಯಾವಾಗಲೂ ಹೀಗೆಯೇ; ಕೇಳಿದವರು ಊರ ಅಗಸಿ ದಾಟಿದ ಮೇಲೆ ಹೊಳೆಯುತ್ತವೆ. ಅಂಕಲಗಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತಾಗಲೂ ಮಾಸ್ತರರು ಕೇಳಿದ ಲೆಕ್ಕಕ್ಕೆ ಉತ್ತರ ಗೊತ್ತಿದ್ದೂ ಬೆಂಚಿನ ಕಾಲು ನೋಡುತ್ತ ನಿಂತವಳು ನಾನು. ಆ ವಿಮೆಯವರಿಗೆ ಹೇಳದ ಉತ್ತರವನ್ನು ನಿಮಗೆ ಬರೆದುಕೊಡುತ್ತೇನೆ. ನನ್ನ ವ್ಯವಸ್ಥೆಗೆ ನಾಲ್ಕು ಕಾಲಿದ್ದವು, ಎರಡು ಕೋಡಿದ್ದವು, ಮತ್ತು ಸ್ವಲ್ಪ ಸಿಟ್ಟಿನ ಸ್ವಭಾವವಿತ್ತು.

ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂ ಹೊಸದು. ನಿಮ್ಮ ಅಜ್ಜ ತೀರಿಕೊಂಡಾಗ ನಿಮ್ಮ ಅವ್ವ ಇನ್ನೂ ಹಲ್ಲು ಬೀಳದ ಹುಡುಗಿ. ಹುಕ್ಕೇರಿಯ ಮನೆಯಲ್ಲಿ ನಾನು, ನನ್ನ ಅತ್ತೆ, ಮೈದುನ ಶಂಕ್ರೆಪ್ಪ ಮತ್ತು ಅವನ ಸಂಸಾರ. ಉಣ್ಣಲು ಉಡಲು ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ನೀರಿಗೆ ಹೋದಾಗ ಬಾವಿಕಟ್ಟೆಯ ಹೆಂಗಸರ ಲೆಕ್ಕದಲ್ಲಿ. "ಗಂಡ ಇಲ್ಲ, ಗಂಡುಮಗ ಇಲ್ಲ. ಮಗಳು ಕೊಟ್ಟ ಮನಿಗೆ ಹ್ವಾದ ಮ್ಯಾಲ ಈಕಿ ಗತಿ ಏನ?" ಎಂದು ಅವರು ನನ್ನ ಮುಪ್ಪನ್ನು ನನಗಿಂತ ಮೊದಲೇ ಯೋಚಿಸುತ್ತಿದ್ದರು. ಕೊಡ ಎತ್ತಿಕೊಂಡು ಬರುವಾಗ ನೀರಿಗಿಂತ ಆ ಮಾತೇ ಭಾರವಾಗುತ್ತಿತ್ತು. ಮುಂದೆ ಯಾರದೋ ಮನೆಯ ಮೂಲೆಯಲ್ಲಿ, ಒಂದು ಬಟ್ಟಲು ಚಹಾಕ್ಕೂ ಯಾರದೋ ಮುಖ ನೋಡುತ್ತ ಕೂಡಬೇಕಾದೀತೆಂಬ ಭಯ ನನಗೂ ಇತ್ತು. ಕೇಳಿ ಪಡೆಯಬಲ್ಲವರಿಗೆ ಅದು ಅಷ್ಟು ದೊಡ್ಡ ಭಯವಲ್ಲ. ಕೇಳಲು ಬಾಯಿಯೇ ಬಾರದವಳಿಗೆ ಅದು ಹಸಿವೆಯೇ ಸರಿ.

ನನ್ನ ಅತ್ತೆ ಬಾವಿಕಟ್ಟೆಗೆ ಹೋಗುತ್ತಿರಲಿಲ್ಲವಾದರೂ ಅಲ್ಲಿಯ ಮಾತೆಲ್ಲ ಅವರ ಕಿವಿಗೆ ಬರುತ್ತಿತ್ತು. ಒಂದು ದಿನ ತಮ್ಮ ಎಮ್ಮೆಯ ಹೆಣ್ಣುಗರುವನ್ನು ಹಿಡಿದು, ತಮ್ಮ ತವರಾದ ತುಕ್ಕಾನಟ್ಟಿಯ ಹುಸೇನಬಿಯ ಮನೆಗೆ ಪಾಲಿಗೆ ಕೊಟ್ಟು ಬಂದರು. "ನನ್ನ ಮಗ ಮುಪ್ಪಿನ ತನಕ ನಿನಗ ಜೋಡಿ ಆಗಲಿಲ್ಲ. ಈ ಕರಾ ಆಗತೈತಿ. ಇದು ನಿಂದು" ಎಂದರು. ಮಾಗಿಯ ಚಳಿಯಲ್ಲಿ ಅವರೂ ಹೋದರು. ಗೋಧನವೆಂಬ ಮಾತನ್ನು ಪುರಾಣದಲ್ಲಿ ಕೇಳಿದ್ದೆ. ಎಮ್ಮೆಗೆ ಅಂಥ ಗೌರವದ ಹೆಸರನ್ನು ಯಾರೂ ಇಟ್ಟಿಲ್ಲ, ಹಾಲು ಮಾತ್ರ ಎಲ್ಲರಿಗೂ ಬೇಕು.

ಪಾಲಿಗೆ ಕೊಡುವುದೆಂದರೆ ಏನೆಂದು ನಿಮಗೆ ಹೇಳಬೇಕು. ಕರು ಒಬ್ಬರದು, ಮೇವು ಮತ್ತು ಮೈಮುರಿಯುವ ದುಡಿಮೆ ಇನ್ನೊಬ್ಬರದು. ಅದು ಬೆಳೆದು ಮೊದಲ ಸಲ ಈದಾಗ ತಾಯಿಕರುಗಳಿಗೆ ಕೂಡಿಯೇ ಬೆಲೆ ಕಟ್ಟುವುದು, ಇಬ್ಬರಿಗೂ ಅರ್ಧರ್ಧ. ಸಾಕಿದವರು ಬೆಲೆ ಹೇಳಬೇಕು, ಕೊಟ್ಟವರು ಆರಿಸಿಕೊಳ್ಳಬೇಕು: ಅರ್ಧ ಹಣ ಇಸಿದುಕೊಂಡು ಎಮ್ಮೆ ಬಿಡುವುದೋ, ಅರ್ಧ ಹಣ ಕೊಟ್ಟು ಎಮ್ಮೆ ಹೊಡೆದುಕೊಂಡು ಹೋಗುವುದೋ. ಬೆಲೆ ಕಡಿಮೆ ಹೇಳಿದರೆ ಎಮ್ಮೆ ಹೋದೀತು, ಹೆಚ್ಚು ಹೇಳಿದರೆ ಗಂಟು ಹೋದೀತು. ಹೀಗಾಗಿ ಸುಳ್ಳಾಡುವವರ ನಾಲಿಗೆಗೂ ಅಲ್ಲಿ ಸತ್ಯವೇ ಲಾಭದಾಯಕ.

ಆದರೆ ಈಯುವ ತನಕ ಕಾಯಬೇಕಲ್ಲ. ಶಂಕ್ರೆಪ್ಪನಿಗೆ ಕಾಯುವುದು ಒಗ್ಗುತ್ತಿರಲಿಲ್ಲ. ಕೆಟ್ಟವನಲ್ಲ, ಮನೆಯಲ್ಲಿ ಅವನಷ್ಟು ನಗಿಸುವವರು ಇರಲಿಲ್ಲ. ಆದರೆ ಅವನ ತಲೆಯಲ್ಲಿ ಹಂಗಾಮಿಗೊಂದು ವ್ಯಾಪಾರ ಮೊಳೆಯುತ್ತಿತ್ತು. ಕರು ಬೆಳೆದು ಇನ್ನೂ ಈಯದ ಮಣಕವಾಗಿದ್ದ ಬೇಸಿಗೆಯಲ್ಲಿ, ಹುಕ್ಕೇರಿಯ ಸಂತೆಯಲ್ಲಿ ಜನ ಸೋಡಾ ಬಾಟಲಿಗೆ ಮುಗಿಬಿದ್ದುದನ್ನು ಕಂಡು, ಸೋಡಾ ಮಾಡುವ ಯಂತ್ರ ತರಿಸಲು ನಿಶ್ಚಯಿಸಿದ. "ವೈನಿ, ಹೆಂಗೂ ನಿಮ್ಮ ಮಣಕ ಸುಮ್ಮನ ಮೇಯಾಕತ್ತೈತಿ. ಅದನ್ನ ಮಾರಿ ಸೋಡಾದಾಗ ಹಾಕ್ರಿ. ಗುಳ್ಳಿ ಗುಳ್ಳಿ ರೊಕ್ಕ ಏಳತೈತಿ" ಎಂದ. ಗುಳ್ಳೆಯ ಸ್ವಭಾವ ಒಡೆಯುವುದೆಂದು ನನಗೆ ಆ ಕ್ಷಣದಲ್ಲಿ ಹೊಳೆಯಲಿಲ್ಲ. ಅವನ ಅನ್ನ ಉಣ್ಣುವವಳು, ಇಲ್ಲವೆನ್ನಲು ನಾಚಿಕೆ. ಹೂಂ ಎಂದು ಗೋಕಾಕಿನ ಬಸ್ಸು ಹತ್ತಿ, ಅಲ್ಲಿಂದ ಮೂಡಲಗಿಯ ಕಡೆಯ ಬಸ್ಸಿನಲ್ಲಿ ತುಕ್ಕಾನಟ್ಟಿಗೆ ಹೋದೆ.

"ಬಾರವ್ವ ಸಾವಕಾರ್ತಿ, ಆಸ್ತಿ ನೋಡಾಕ ಬಂದಿಯೇನ?" ಎಂದು ಹುಸೇನಬಿ ಅಂಗಳದಿಂದಲೇ ಕೂಗಿದಳು. ಅವಳ ಬಾಯಿ ಬೀಸುವ ಕಲ್ಲು. ಗಂಡ ಇಮಾಮಸಾಬ ಅದರ ಕೆಳಗಿನ ಕಲ್ಲು, ಅಲುಗಾಡುತ್ತಿರಲಿಲ್ಲ. ಮಣಕದ ಮೈಮೇಲೆ ಕೈಯಾಡಿಸಿದೆ. ಎಣ್ಣೆ ಹಚ್ಚಿ ತಿಕ್ಕಿದ ಕೊಪ್ಪರಿಗೆಯಂತಿತ್ತು. ತಮ್ಮ ಮಕ್ಕಳ ತಲೆಗೆ ಕಾಣದ ಎಣ್ಣೆಯನ್ನು ಅದಕ್ಕೆ ಕಾಣಿಸಿದವರ ಎದುರು ಕುಳಿತು, ಇದನ್ನು ಮಾರೋಣವೆಂದು ಹೇಗೆ ಹೇಳುವುದು? ಬಿಸಿ ರೊಟ್ಟಿ, ಶೇಂಗಾ ಹಿಂಡಿ ಉಂಡು, ಉಡಿಯಲ್ಲಿ ಒಂದು ಕುಂಬಳಕಾಯಿ ಕಟ್ಟಿಸಿಕೊಂಡು ತಿರುಗಿ ಬಂದೆ.

"ಮಾತಾಡಿದ್ರೇನ್ರಿ ವೈನಿ?"

"ಇಲ್ಲ. ಅವರ ಮನ್ಯಾಗ ರೊಟ್ಟಿ ಬಾಳ ಚಲೋ ಇದ್ದುವು."

ಶಂಕ್ರೆಪ್ಪ ಕುಂಬಳಕಾಯಿಯನ್ನು ಬಹಳ ಹೊತ್ತು ನೋಡಿದ. ಕಡೆಗೆ ತನ್ನ ಚಕ್ಕಡಿ ಮಾರಿ ಯಂತ್ರ ತರಿಸಿದ. ಬೇಸಿಗೆಯ ನೆತ್ತಿಯಲ್ಲಿ ಕೊಂಡ ಆ ಯಂತ್ರ ಮೊದಲ ಮಳೆಯ ಜೊತೆಗೇ ಹುಕ್ಕೇರಿಗೆ ಬಂದಿಳಿಯಿತು. ಆ ಮಳೆಗಾಲವೆಲ್ಲ ನಮ್ಮ ಮನೆಯಲ್ಲಿ ಯಾರಿಗೂ ಅಜೀರ್ಣವೆಂಬುದೇ ಆಗಲಿಲ್ಲ. ಅಷ್ಟು ಸೋಡಾ ಕುಡಿದೆವು.

ಮರುವರ್ಷ ಮಳೆ ತಡವಾಗಿ ದನಗಳ ಮೇವಿನ ಕಣಿಕೆ ತುಟ್ಟಿಯಾಯಿತು. ಜನ ದನಗಳನ್ನು ಸಾಲುಗಟ್ಟಿ ಮೂಡಲಗಿಯ ಸಂತೆಗೆ ಹೊಡೆದರು. ಎಲ್ಲರೂ ಮಾರುವವರೇ ಆದ ಸಂತೆಯಲ್ಲಿ ಎಮ್ಮೆಗಿಂತ ಹಗ್ಗಕ್ಕೇ ಬೆಲೆ. ಹುಸೇನಬಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸಿದಳು: "ಮಾರೂದೋ, ಇಟಗೊಳ್ಳೂದೋ?" ಆ ಕಂಡಕ್ಟರ ನಮ್ಮ ಬಾಗಿಲಲ್ಲಿ ನಿಂತು ಇಡೀ ಓಣಿಗೆ ಕೇಳುವಂತೆ ಕೇಳಿದ. ಪರಪುರುಷನಿಗೆ ಉತ್ತರ ಹೇಳಲು ನಾಚಿ ನಾನು ಒಳಗೆ ಹೋದೆ. ಹೋದವಳು ಯೋಚಿಸಿ ನಾಳೆ ಹೇಳೋಣವೆಂದುಕೊಂಡೆ. ಮರುದಿನವೂ ಅದೇ ಕಂಡಕ್ಟರ, ಅದೇ ನಾಚಿಕೆ. ಹಾಗೆ ದಿನ ದೂಡುವಷ್ಟರಲ್ಲಿ ಮಳೆ ಹಿಡಿಯಿತು, ಹಸಿಹುಲ್ಲು ಬಂತು. ಮಾರಿದವರು ಅದೇ ಸಂತೆಗೆ ಕೊಳ್ಳಲು ಹೋದರು, ಆಗ ಹಗ್ಗವನ್ನು ಪುಕ್ಕಟೆ ಕೊಟ್ಟು ಎಮ್ಮೆಗೆ ಬಾಯಿಗೆ ಬಂದಷ್ಟು ಕೇಳುತ್ತಿದ್ದರಂತೆ. ನನ್ನ ಮಣಕ ಗಬ್ಬಾಗಿತ್ತು. ನನ್ನ ದೂರದೃಷ್ಟಿಯನ್ನು ಬಾವಿಕಟ್ಟೆಯಲ್ಲಿ ಹೊಗಳಿದರು. ನಾನು ಆಗಲೂ ಬಾಯಿ ಬಿಡಲಿಲ್ಲ, ಹೀಗಾಗಿ ಸತ್ಯ ಹೊರಬೀಳಲಿಲ್ಲ.

ಇದನ್ನು ಓದಿ ಸಂಕೋಚವೇ ದೊಡ್ಡ ಬಂಡವಾಳವೆಂದು ತಿಳಿಯಬೇಡಿ. ದಿನದ ಖರ್ಚಿಗೆ ನಾನು ಕೌದಿ ಹೊಲಿದು ಕೊಡುತ್ತಿದ್ದೆ. ಅದಿಲ್ಲದಿದ್ದರೆ ನಿಮ್ಮವ್ವನ ಪಾಟಿಗೋ ಜಂಪರಿಗೋ ಆ ಮಣಕವನ್ನು ಯಾವಾಗಲೋ ಮಾರಬೇಕಾಗುತ್ತಿತ್ತು. ನಾಳಿನ ಗೂಟಕ್ಕೆ ಇಂದಿನ ಹಸಿವೆಯನ್ನು ಕಟ್ಟಬಾರದು. ಮತ್ತೆ, ಕಾಯುವುದನ್ನು ಸಂಕೋಚ ಮಾಡಿಕೊಟ್ಟೀತು. ಆರಿಸುವುದನ್ನು ಅದು ಮಾಡಿಕೊಡುವುದಿಲ್ಲ.

ಎಮ್ಮೆ ಈದಿತು, ಹೆಣ್ಣುಗರು. ಈ ಸಲ ನನ್ನ ರೊಟ್ಟಿಯ ಚಪಲದ ಮೇಲೆ ವಿಶ್ವಾಸವಿಡದೆ ಶಂಕ್ರೆಪ್ಪ ತಾನೂ ಜೊತೆಗೆ ಬಂದ. ಯಂತ್ರವಿತ್ತು, ಬಾಟಲಿಗೆ ದುಡ್ಡು ಬೇಕಾಗಿತ್ತು. ಹುಸೇನಬಿಯ ಅಂಗಳದಲ್ಲಿ ಓಣಿಯ ಹಿರಿಯರೊಬ್ಬರು ಕಂಬಳಿ ಹಾಸಿ ಕುಳಿತರು. ಇಮಾಮಸಾಬ ಎಮ್ಮೆಯ ಬೆನ್ನು ಸವರುತ್ತ, ಅದರ ಮುಖ ನೋಡದೆ ಬೆಲೆ ಹೇಳಿದ. ನ್ಯಾಯವಾದ ಬೆಲೆ.

"ಇನ್ನ ನಿನ್ನ ಮಾತವ್ವ" ಎಂದರು ಹಿರಿಯರು. "ರೊಕ್ಕ ಇಸಗೊತೀಯೋ, ಎಮ್ಮಿ ಹೊಡಕೊಂಡು ಹೊಕ್ಕೀಯೋ?"

ಎಮ್ಮೆ ಒಯ್ಯಲು ಕೊಡಬೇಕಾದ ಹಣ ನನ್ನಲ್ಲಿರಲಿಲ್ಲ. ಹಣ ಇಸಿದುಕೊಂಡರೆ ಅದು ಹುಕ್ಕೇರಿ ತಲುಪುವ ಮೊದಲೇ ಬಾಟಲಿಯಾಗುತ್ತಿತ್ತು. ಅಲ್ಲಿಗೆ ಅತ್ತೆ ಕೊಟ್ಟ ಜೋಡಿ ಮುಗಿಯಿತು. ನನ್ನ ಮುಪ್ಪು ನನ್ನ ನಾಲಿಗೆಯ ತುದಿಯಲ್ಲಿ ನಿಂತಿತ್ತು, ನಾಲಿಗೆ ಮಾತ್ರ ಏಳಲೊಲ್ಲದು. ಶಂಕ್ರೆಪ್ಪ ಕೆಮ್ಮಿದ. "ರೊಕ್ಕ ಅನ್ರಿ ವೈನಿ" ಎಂದ ಮೆಲ್ಲಗೆ.

"ನೀ ಸುಮ್ಕ ಕುಂದರಪಾ" ಎಂದಳು ಹುಸೇನಬಿ. "ಎಮ್ಮಿ ಆಕೀದು, ಬಾಯಿ ನಿಂದೇನ? ಆದರ ಈಕಿ ಬಾಯಿ ತಗಿಯೂದ್ರಾಗ ಈ ಕರಾನೂ ದೊಡ್ಡದಾಗಿ ಈದೀತು."

ಎಲ್ಲರೂ ನಕ್ಕರು. ನಗು ಇಳಿಯುವ ಮೊದಲು ಯಾರೋ "ಹಂಗಾರ ಅದೂ ಈಯಲಿ" ಎಂದರು. ಎಲ್ಲರೂ ನನ್ನನ್ನು ನೋಡಿದಾಗ ಅದು ನನ್ನ ದನಿಯೆಂದು ತಿಳಿಯಿತು.

"ಏನಂದಿ?" ಎಂದರು ಹಿರಿಯರು.

ಒಮ್ಮೆ ಆಡಿದ ಮೇಲೆ ಎರಡನೆಯ ಮಾತು ಅಷ್ಟು ಕಷ್ಟವಲ್ಲ. "ಎಮ್ಮಿ ಇಲ್ಲೇ ಇರಲಿರಿ. ಹಾಲು ಎಲ್ಲಾ ಇವರಿಗೆ. ಎಮ್ಮ್ಯಾಗ ನನ್ನ ಅರ್ಧ ಹಂಗ ಇರಲಿ. ಈ ಹೆಣ್ಣುಗರಾನೂ ಪಾಲಿಗೆ ಹಾಕ್ಕೊರಿ."

ಇಮಾಮಸಾಬ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ. ಹುಸೇನಬಿ ಎದ್ದು ಹೋಗಿ ಕರುವಿಗೆಂದು ಬೇರೆ ಗೂಟ ಹೊಡೆದಳು. ಬಾಯಿ ಬಳಸದೆ ಹೂಂ ಎಂದ ದಿನ ಅವಳ ಬಾಳಿನಲ್ಲಿ ಅದೊಂದೇ ಇರಬೇಕು.

ತಿರುಗಿ ಬರುವಾಗ ಗೋಕಾಕಿನ ತನಕ ಶಂಕ್ರೆಪ್ಪ ಕಿಟಕಿಯ ಹೊರಗೆ ನೋಡುತ್ತ ಕುಳಿತ. ಬಸ್ಸು ಬದಲಿಸಲು ಇಳಿದಾಗ ಒಮ್ಮೆಲೇ ನಗಲು ಹತ್ತಿದ. "ವೈನಿ, ನಿಮಗ ಬಾಯಿ ಐತಿ ಅನ್ನೂದು ನಮ್ಮಣ್ಣಗೂ ಗೊತ್ತಿರಲಿಲ್ಲ ಕಾಣ್ಸತೈತಿ" ಎಂದ. ನನಗೂ ನಗು ಬಂತು, ಜೊತೆಗೆ ಸ್ವಲ್ಪ ಅಳುವೂ.

ಮುಂದೆ ಕರುಗಳು ಮಣಕವಾದವು, ಮಣಕಗಳು ಈದವು. ಒಂದನ್ನು ನನ್ನ ತವರು ಅಂಕಲಗಿಗೂ ಪಾಲಿಗೆ ಕೊಟ್ಟೆ. ಒಳ್ಳೆಯದೇ ಆಯಿತು, ಯಾಕೆಂದರೆ ಒಂದು ವರ್ಷ ದನಗಳಿಗೆ ರೋಗ ಬಂದು ತುಕ್ಕಾನಟ್ಟಿಯ ಕೊಟ್ಟಿಗೆ ಬರಿದಾಯಿತು. ನಾನು ಹೋದಾಗ ಹುಸೇನಬಿ ಬರಿ ಗೂಟದ ಹತ್ತಿರ ಕುಳಿತು ಅಳುತ್ತಿದ್ದಳು. ಲಾಭದಲ್ಲಿ ಅರ್ಧವಾದ ಮೇಲೆ ಅಳುವುದರಲ್ಲಿಯೂ ಅರ್ಧವೆಂದು ನಾನೂ ಪಕ್ಕದಲ್ಲಿ ಕುಳಿತೆ. ಅಂಕಲಗಿಯಿಂದ ಮತ್ತೆ ಒಂದು ಕರು ಅವಳ ಅಂಗಳಕ್ಕೆ ಬಂತು.

ನಿಮ್ಮವ್ವ ಗೋಕಾಕಿನ ಈ ಮನೆಗೆ ಮದುವೆಯಾಗಿ ಬಂದು, ನೀವೆಲ್ಲ ಒಬ್ಬೊಬ್ಬರಾಗಿ ಹುಟ್ಟಿ, "ಅವ್ವಾ, ನೀ ಇಲ್ಲೇ ಬಂದು ಇರು" ಎಂದು ಅವಳು ಹಟ ಹಿಡಿದಾಗ ನಾನು ಬಂದೆ. ಒಬ್ಬಳೇ ಬರಲಿಲ್ಲ, ಅಂಕಲಗಿಯ ಎಮ್ಮೆಯನ್ನೂ ಹೊಡೆದುಕೊಂಡು ಬಂದೆ. ನನ್ನ ಬಟ್ಟೆಯ ಗಂಟು ಇಸಿದುಕೊಳ್ಳಲು ಬಾಗಿಲಿಗೆ ಬಂದ ನಿಮ್ಮಪ್ಪ ಮೊದಲು ಎಮ್ಮೆಗೆ ದಾರಿ ಬಿಡಬೇಕಾಯಿತು. ನಿಮ್ಮ ಇನ್ನೊಬ್ಬ ಆಯಿ, ಅಂದರೆ ನನ್ನ ಬೀಗತಿ, ಒಳ್ಳೆಯವರು; ಆದರೆ ಮಗಳ ಮನೆಗೆ ಬಂದು ನಿಲ್ಲುವ ಬೀಗತಿಯನ್ನು ಹೇಗೆ ಕಾಣಬೇಕೆಂದು ಅವರಿಗೂ ಹೊಸದು. ನನಗಾಗಿ ಒಂದು ಮೂಲೆ ಗುಡಿಸಿ, ಅದನ್ನು ತೋರಿಸಿ, ಹೆಚ್ಚು ಮಾತಾಡದೆ ಒಳಗೆ ಹೋದರು.

ಮರುದಿನ ಬೆಳಗ್ಗೆ ಎಮ್ಮೆ ಹಿಂಡುತ್ತಿದ್ದೆ. ಬೆನ್ನ ಹಿಂದೆ ಬಳೆಯ ಸದ್ದಾಯಿತು. ಬೀಗತಿ ಸೆರಗಿನ ಮರೆಯಲ್ಲಿ ತಂಬಿಗೆ ಹಿಡಿದು ನಿಂತಿದ್ದರು. "ಬೀಗತೇರ, ಚಾಕ್ಕ ಒಂದೀಟ..." ಎಂದರು. ಮಾತು ಅಲ್ಲಿಗೇ ನಿಂತಿತು. ಅವರ ಕಣ್ಣು ಎಮ್ಮೆಯ ಕಾಲಿನ ಮೇಲಿತ್ತು.

ಅಂಥ ಅರ್ಧ ಮಾತುಗಳು ಎಲ್ಲಿ ಹುಟ್ಟಿ ಎಲ್ಲಿ ಸಿಕ್ಕಿಬೀಳುತ್ತವೆಂದು ನನ್ನಷ್ಟು ಬಲ್ಲವರು ಯಾರು? ಉಳಿದರ್ಧ ಬರುವವರೆಗೆ ನಾನು ಕಾಯಲಿಲ್ಲ. ತಂಬಿಗೆ ಇಸಿದುಕೊಂಡು, ನೊರೆ ಅವರ ಬೆರಳ ಮೇಲೆ ಚೆಲ್ಲುವಷ್ಟು ತುಂಬಿಸಿ ಕೊಟ್ಟೆ.