ಪಾರ್ಕಿನೊಳಗೆ ಅಜ್ಜಿಯ ಮೊಸರಿನ ಗಡಿಗೆ

ಬಂಗಾರಪೇಟೆಯ ಹಳೆಯ ಪಾರ್ಕನ್ನು ಮತ್ತೆ ಹೊಸದು ಮಾಡುತ್ತಿದ್ದಾರೆ. ಇವತ್ತು ಬಸ್ಸಿಳಿದಾಗ ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಅಜ್ಜಿ ನೆನಪಾದಳು.

ಹತ್ತಿರದ ಗಣಿಯಲ್ಲಿ ಇನ್ನೂ ಚಿನ್ನ ತೆಗೆಯುತ್ತಿದ್ದ ಕಾಲ. ನಾನಾಗ ಲಂಗದ ಹುಡುಗಿ. ಪಾರ್ಕಿಗೆ ಮುಂಚೆ ಅಲ್ಲೊಂದು ಹುಣಸೆಮರವಿತ್ತು. ಬೂದಿಕೋಟೆಯಿಂದ ಅಜ್ಜಿ ಮೊಸರಿನ ಗಡಿಗೆ ತಂದು ಅದರ ನೆರಳಲ್ಲಿ ಕೂರುತ್ತಿದ್ದಳು. ಗಣಿಯ ಚಾಂಪಿಯನ್ ರೀಫ್ಸ್ ಕಾಲೊನಿಯಿಂದ ರೈಲಿನಲ್ಲಿ ಬರುತ್ತಿದ್ದ ಹೆಂಗಸರು ಅಂಗೈಗೆ ಒಂದು ತೊಟ್ಟು ಹಾಕಿಸಿಕೊಂಡು, ನೆಕ್ಕಿ ರುಚಿ ನೋಡಿ, ಆಮೇಲೆ ಕೊಳ್ಳುತ್ತಿದ್ದರು. ಮರ ಕಡಿದು ಕಾರಂಜಿ, ಸಿಮೆಂಟ್ ಬೆಂಚು ಬಂದಾಗ ಊರೆಲ್ಲ ಹಿಗ್ಗಿತು. ನಾನೂ ಹಿಗ್ಗಿದೆ. ಅಜ್ಜಿ ಮಾತ್ರ ಮರವಿದ್ದ ಜಾಗವನ್ನು ಅಂದಾಜು ಮಾಡಿ, ಬೆಂಚಿನ ಪಕ್ಕ ನೆಲದ ಮೇಲೆಯೇ ಗಡಿಗೆ ಇಳಿಸಿ ಕುಳಿತಳು.

ಕಾವಲುಗಾರ ಬಂದ. "ಇಲ್ಲಿ ಯಾಪಾರ ಮಾಡಂಗಿಲ್ಲ ಅಜ್ಜಿ. ಬೇಕಾದ್ರೆ ಬೆಂಚ್ ಮ್ಯಾಲೆ ಕುಂತ್ಕೊ, ಒಳ್ಳೆ ಗಾಳಿ ಬತ್ತೈತೆ."

"ಗಾಳಿ ನಮ್ಮೂರಾಗೂ ಐತೆ ಕಣಪ್ಪ," ಎಂದು ಅಜ್ಜಿ ಎದ್ದಳು. "ಒಸಿ ಗಡಿಗೆ ಎತ್ಕೊಡು."

ತಲೆಹೊರೆ ಎತ್ತಿಕೊಡು ಎಂದರೆ ನಮ್ಮ ಕಡೆ ಹಗೆಯವನೂ ಇಲ್ಲವೆನ್ನುವುದಿಲ್ಲ. ಎಬ್ಬಿಸಿದವನೇ ಬಗ್ಗಿ, ತುಳುಕದ ಹಾಗೆ ಗಡಿಗೆಯನ್ನು ಅವಳ ತಲೆಯ ಸಿಂಬೆಯ ಮೇಲಿಟ್ಟ. ಪಾರ್ಕಿನ ಬೇಲಿಯಾಚೆ ಅವಳು ಹೋಗಿ ಕುಳಿತ ಬಿಸಿಲಲ್ಲಿ ಮೊಸರು ಮಧ್ಯಾಹ್ನದೊಳಗೆ ಹುಳಿಯಾಯಿತು. ಅಂಗೈ ನೆಕ್ಕಿದ ಹೆಂಗಸರು ಕೊಳ್ಳದೆ ಮುಂದೆ ಹೋದರು.

ಇವತ್ತು ಪಾರ್ಕಿನ ಗೇಟಿನ ಬಳಿ ಸೊಪ್ಪಿನ ಬುಟ್ಟಿ ಮುಂದಿಟ್ಟುಕೊಂಡು ನಿಂತಿದ್ದ ಹೆಂಗಸೊಬ್ಬಳು ನನ್ನನ್ನು ಕರೆದಳು. "ಒಸಿ ಎತ್ಕೊಡಮ್ಮ, ಇಲ್ಲಿ ಕುಂತ್ಕೋಬ್ಯಾಡ ಅಂತವ್ರೆ."

ಎತ್ತಿಕೊಟ್ಟೆ. ಅಜ್ಜಿಗೆ ಆ ಕಾವಲುಗಾರನೂ ಇಷ್ಟನ್ನೇ ಮಾಡಿದ್ದ.